ಮೊದಲು ಮೆಹನತ್ತು, ಆಮೇಲೆ ಖುರಾಕು

ನಮ್ಮ ಅಥಣಿ ಕಡೆ ಯಾರಿಗಾದರೂ ಜಡ್ಡು ಜೋರಾಯಿತೆಂದರೆ ಮನೆಯ ಹಿರಿಯರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: ‘ಮಿರಜಕ್ಕ ಒಯ್ಯೂಣು.’ 1894ರಲ್ಲಿ ವಿಲಿಯಂ ವಾನ್‌ಲೆಸ್ ಎಂಬ ಮಿಷನ್ ಡಾಕ್ಟರು ಅಲ್ಲಿ ಆಸ್ಪತ್ರೆ ತೆರೆದರು. 1962ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಜಮಖಂಡಿ, ರಾಯಬಾಗ, ವಿಜಯಪುರದ ಕಡೆಯವರು ಇಂದಿಗೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಾರೆ; ಅಲ್ಲಿನ ಆಸ್ಪತ್ರೆಗಳ ಕಟ್ಟೆಯ ಮೇಲೆ ಕನ್ನಡ ಕಿವಿಗೆ ಬೀಳದ ದಿನವಿಲ್ಲ. ಈ ಸಲ ನಾನು ಹೋದದ್ದು ಮೊಣಕಾಲು ತೋರಿಸಲು. ಇಳಿದದ್ದು ತಂಗಿಯ ಮನೆಯಲ್ಲಿ. ನನ್ನ ಮೊಣಕಾಲಿನ ವಿಚಾರ ಡಾಕ್ಟರು ಐದು ನಿಮಿಷದಲ್ಲಿ ಮುಗಿಸಿದರು. ತಂಗಿಯ ಮಗ ಕೇಳಿದ ಪ್ರಶ್ನೆ ಮೂರು ದಿನ ಹಿಡಿಯಿತು.

‘ಮಾಮಾ, ಅವ್ವಗ ಹೇಳಬ್ಯಾಡ್ರಿ. ಒಂದ್ ಮೂರ್ ಸಾವಿರ ಬೇಕಾಗಿತ್ರಿ. ಪ್ರೋಟೀನ್ ಡಬ್ಬಿ ತರಬೇಕು.’

‘ಜಿಮ್ಮಿಗೆ ಹೋಗಾಕ ಹತ್ತಿ ಎಷ್ಟ್ ದಿನ ಆತೋ ತಮ್ಮಾ?’

‘ಹನ್ನೊಂದು.’

ಹುಡುಗನಿಗೆ ಹತ್ತೊಂಬತ್ತು. ತೂಕ ಸರಿಯಾಗಿ ಅರವತ್ತು ಕಿಲೋ. ಸಾಂಗ್ಲಿಯಲ್ಲಿ ಓದು, ಮಿರಜಿನಿಂದ ದಿನಾ ಬಸ್ಸು. ಸಾಂಗ್ಲಿ, ಮಿರಜ, ಕುಪವಾಡ ಮೂರನ್ನೂ ಸೇರಿಸಿ ಒಂದೇ ಮಹಾನಗರಪಾಲಿಕೆ ಮಾಡಿ ಎರಡೂವರೆ ದಶಕ ದಾಟಿತು. ಎರಡು ಊರುಗಳ ನಡುವಿನ ರಸ್ತೆಯುದ್ದಕ್ಕೂ ಈಗ ಜಿಮ್ಮುಗಳ ಬೋರ್ಡು. ಇವನು ಸೇರಿದ ಜಿಮ್ಮಿನಲ್ಲಿ ಫೀ ತೆಗೆದುಕೊಳ್ಳುವ ಟೇಬಲ್ಲಿನ ಹಿಂದೆಯೇ ಗಾಜಿನ ಕಪಾಟು, ಅದರ ತುಂಬ ಕೊಡದಷ್ಟು ದೊಡ್ಡ ಡಬ್ಬಿಗಳು. ಮೈ ಪಳಗಿಸುವವನೇ ಪುಡಿಯನ್ನೂ ಮಾರುತ್ತಾನೆ. ‘ಪುಡಿ ಇಲ್ದ ಜಿಮ್ ಮಾಡಿದ್ರ ಮೈಯಾಗಿದ್ದ ಮಾಂಸಾನೂ ಕರಗಿ ಹೊಕ್ಕೈತಿ’ ಎಂದು ಹೇಳಿದ್ದಾನಂತೆ. ಹುಡುಗ ಹೆದರಿದ್ದಾನೆ. ಅವನ ಮೈಯಲ್ಲಿ ಇರುವುದೇ ಅಷ್ಟು, ಅದೂ ಕರಗಿದರೆ ಹೇಗೆ?

ನನಗೆ ನಗು ಬಂತು, ಮೂರು ಸಾವಿರ ಕೇಳಿದ್ದಕ್ಕಲ್ಲ, ಕೇಳಿದ ಊರನ್ನು ನೆನೆದು. ಮೈ ಬೆಳೆಸುವುದು ಹೇಗೆಂದು ಸಾಂಗ್ಲಿ ಜಿಲ್ಲೆಯವನು ಬೇರೆಯವರನ್ನು ಕೇಳಬೇಕೆ? ಸಾಂಗ್ಲಿಯ ಪಕ್ಕದ ಕವಠೆ ಪಿರಾನದ ಮಾರುತಿ ಮಾನೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಫ್ರೀಸ್ಟೈಲ್ ಕುಸ್ತಿಯಲ್ಲಿ ಚಿನ್ನ, ಗ್ರೀಕೋ-ರೋಮನ್‌ನಲ್ಲಿ ಬೆಳ್ಳಿ ಗೆದ್ದು ಬಂದವರು. ಮುಂದೆ ಕುಸ್ತಿಯ ಹಿಂದ್ ಕೇಸರಿ ಬಿರುದನ್ನೂ ಗೆದ್ದರು. ಅವರಿಗಿಂತ ಮೊದಲೇ, 1960ರಲ್ಲಿ, ಇದೇ ಜಿಲ್ಲೆಯ ಶಿರಾಳಾ ತಾಲ್ಲೂಕಿನ ಗಣಪತ ಆಂದಳಕರ ಹಿಂದ್ ಕೇಸರಿ ಆಗಿದ್ದರು. ಕುಂಡಲ್ ಎಂಬ ಹಳ್ಳಿಯ ಕುಸ್ತಿ ಮೈದಾನದ ಹೆಸರು ಕೇಳದ ಪೈಲ್ವಾನ ನಮ್ಮ ಕಡೆಯೂ ಇಲ್ಲ. ಗಡಿ ಎನ್ನುವುದು ಕುಸ್ತಿಗೆ ಯಾವತ್ತೂ ಇರಲಿಲ್ಲ. ಸಂಸ್ಥಾನಗಳ ಕಾಲದಲ್ಲಿ ನಮ್ಮ ತೇರದಾಳ, ಶಿರಹಟ್ಟಿ ಸಾಂಗ್ಲಿಯ ಪಟವರ್ಧನರ ಕೈಯಲ್ಲಿದ್ದವು, ಲಕ್ಷ್ಮೇಶ್ವರ ಮಿರಜಿನವರದು. ಈಗಲೂ ಅಥಣಿ-ಜಮಖಂಡಿಯ ಜಾತ್ರೆಗಳಲ್ಲಿ ಬೆಳ್ಳಿ ಕಡಗದ ಕುಸ್ತಿಯೆಂದರೆ ಸಾಂಗ್ಲಿ, ಕೊಲ್ಹಾಪುರದ ಜೋಡಿ ಬರಲೇಬೇಕು, ಇಲ್ಲದಿದ್ದರೆ ಜನ ಎದ್ದು ಹೋಗುತ್ತಾರೆ.

ಕುಸ್ತಿಯ ತಾಲೀಮಿನಲ್ಲಿ ಎರಡು ಶಬ್ದ ಜೋಡಿಯಾಗಿ ಓಡಾಡುತ್ತವೆ: ಮೆಹನತ್ತು ಮತ್ತು ಖುರಾಕು. ಮೆಹನತ್ತು ಎಂದರೆ ದಂಡ, ಬೈಠಕು, ಜೋರು ಹಿಡಿಯುವುದು, ಹಗ್ಗ ಹತ್ತುವುದು, ಕುಸ್ತಿ ಕಣದ ಮಣ್ಣು ಅಗೆದು ಹದ ಮಾಡುವುದು. ಆ ಮಣ್ಣಿಗೂ ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆಹಣ್ಣಿನ ರಸ ಬೀಳುತ್ತದೆ; ಅರಿಷಿಣದ ಪೇಟೆಗೆ ಹೆಸರಾದ ಸಾಂಗ್ಲಿಯಲ್ಲಿ ಅದಕ್ಕೇನು ಬರ. ಖುರಾಕು ಎಂದರೆ ಲೀಟರುಗಟ್ಟಲೆ ಎಮ್ಮೆ ಹಾಲು, ತುಪ್ಪ, ಕಲ್ಲಿನಲ್ಲಿ ಅರೆದ ಬಾದಾಮಿಯ ಥಂಡಾಯಿ, ತಿನ್ನುವವರಿಗೆ ಮಟನ್ ರಸ. ಹಳಬರ ಖುರಾಕಿನ ಲೆಕ್ಕ ಕೇಳಿದರೆ ಇಂದಿನ ಡಯಟಿಷಿಯನ್ನರು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ. ತುಪ್ಪದಲ್ಲಿ ಪ್ರೋಟೀನು ಸೊನ್ನೆ. ನೂರು ಗ್ರಾಂ ಬಾದಾಮಿಯಲ್ಲಿ ಇಪ್ಪತ್ತೊಂದು ಗ್ರಾಂ ಪ್ರೋಟೀನಿದ್ದರೆ ಐವತ್ತು ಗ್ರಾಂ ಕೊಬ್ಬು. ಆ ಖುರಾಕಿನ ಬಹುಪಾಲು ಹೋಗುತ್ತಿದ್ದದ್ದು ಉರುವಲಾಗಿ: ನಸುಕಿನ ನಾಲ್ಕಕ್ಕೆ ಎದ್ದು ಸಾವಿರ ಬೈಠಕು ಹೊಡೆಯುವ ಮೈಗೆ ಅಷ್ಟು ಉರುವಲು ಬೇಕಿತ್ತು. ಕುಸ್ತಿ ಬಿಟ್ಟ ಮೇಲೂ ಖುರಾಕು ಬಿಡದವರ ಗತಿ ಏನಾಯಿತು ಎಂಬುದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು. ಸಕ್ಕರೆ ಕಾಯಿಲೆ, ಬೀಪಿ, ಮೊಣಕಾಲು.

ಹಳೆಯದನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ತಾಲೀಮಿನಲ್ಲಿ ಸರಿಯಾಗಿದ್ದದ್ದು ಖುರಾಕಿನ ಪಟ್ಟಿಯಲ್ಲ, ಅದರ ಸರದಿ. ಹೊಸದಾಗಿ ಲಂಗೋಟಿ ಕಟ್ಟಿದ ಹುಡುಗನಿಗೆ ಕುಸ್ತಿ ಕಲಿಸುವ ವಸ್ತಾದ ಮೊದಲು ಮಣ್ಣು ಅಗೆಯಲು ಹಚ್ಚುತ್ತಿದ್ದ. ಮೈ ಎಷ್ಟು ದುಡಿಯುತ್ತದೆಂದು ಕಂಡ ಮೇಲೆ ಖುರಾಕು. ಜಿಮ್ಮಿನ ಕಪಾಟು ಈ ಸರದಿಯನ್ನು ತಿರುವಿ ಹಾಕಿದೆ. ಹನ್ನೊಂದನೆಯ ದಿನಕ್ಕೇ ಖುರಾಕು. ಮೆಹನತ್ತು ಮುಂದೆ ನೋಡೋಣ.

ಮೊದಲ ತಿಂಗಳುಗಳಲ್ಲಿ ಮೈಯೊಳಗೆ ನಡೆಯುವುದೇನು? ಹೊಸಬ ಮೊದಲ ವಾರ ಇಪ್ಪತ್ತು ಕಿಲೋ ಎತ್ತಲು ಒದ್ದಾಡುತ್ತಾನೆ, ಆರನೇ ವಾರಕ್ಕೆ ಮೂವತ್ತೈದು ಎತ್ತುತ್ತಾನೆ. ಕನ್ನಡಿಯಲ್ಲಿ ನೋಡಿಕೊಂಡರೆ ತೋಳು ಅಷ್ಟೇ ಇದೆ. ಹಾಗಾದರೆ ಬಲ ಎಲ್ಲಿಂದ ಬಂತು? ನಮ್ಮೂರ ತೇರು ನೆನೆಸಿಕೊಳ್ಳಿ. ಹಗ್ಗಕ್ಕೆ ನೂರು ಜನ ಕೈ ಹಚ್ಚಿದ್ದಾರೆ, ಆದರೆ ಒಬ್ಬ ಈಗ ಎಳೆಯುತ್ತಾನೆ, ಇನ್ನೊಬ್ಬ ಆಮೇಲೆ. ನಾಲ್ಕು ಮಂದಿ ಹಗ್ಗ ಹಿಡಿದು ಹರಟುತ್ತಿದ್ದಾರೆ. ತೇರು ಅಲ್ಲಾಡುವುದಿಲ್ಲ. ಯಾರೋ ಒಬ್ಬ ‘ಹರ ಹರ’ ಎಂದು ಕೂಗು ಹಾಕಿದ ಕೂಡಲೇ ಅದೇ ನೂರು ಮಂದಿ ಒಂದೇ ಉಸಿರಿಗೆ ಎಳೆಯುತ್ತಾರೆ, ಗಾಲಿ ಉರುಳುತ್ತದೆ. ಹೊಸ ಜನ ಬಂದಿಲ್ಲ. ಸ್ನಾಯುವಿನ ಎಳೆಗಳಿಗೆ ಆ ಕೂಗು ಹಾಕುವುದು ನರ. ಮೊದಲ ಒಂದೆರಡು ತಿಂಗಳಲ್ಲಿ ಏರುವ ಬಲದ ದೊಡ್ಡ ಪಾಲು ನರಗಳು ಕಲಿತ ಪಾಠದ್ದು. ಅದಕ್ಕೆ ಬೇಕಾದದ್ದು ಅಭ್ಯಾಸ ಮತ್ತು ನಿದ್ದೆ. ಡಬ್ಬಿಯಲ್ಲಿ ಅವೆರಡೂ ಸಿಗುವುದಿಲ್ಲ.

ಮಾಂಸ ಬೆಳೆಯುವುದೂ ಒಳಗೊಳಗೆ ಶುರುವಾಗಿರುತ್ತದೆ, ನಿಧಾನವಾಗಿ. ಅದಕ್ಕೆ ಪ್ರೋಟೀನು ಬೇಕು, ಈ ಮಾತಿನಲ್ಲಿ ಸುಳ್ಳಿಲ್ಲ. ಪ್ರಶ್ನೆ ಇರುವುದು ಎಷ್ಟು ಬೇಕು, ಎಲ್ಲಿಂದ ಬೇಕು ಎನ್ನುವುದರಲ್ಲಿ. ದಿನಕ್ಕೆ ಮೈತೂಕದ ಕಿಲೋಗೆ 0.83 ಗ್ರಾಂ ಸಾಕು ಎನ್ನುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಅರವತ್ತು ಕಿಲೋದ ನಮ್ಮ ಹುಡುಗನಿಗೆ ಐವತ್ತು ಗ್ರಾಂ ಆಯಿತು. ಇದು ಆರೋಗ್ಯವಾಗಿ ಓಡಾಡಿಕೊಂಡಿರುವವನ ಲೆಕ್ಕ. ಭಾರ ಎತ್ತುವವನಿಗೆ ಇನ್ನಷ್ಟು ಬೇಕು. ಎಲ್ಲಿಯವರೆಗೆ? 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ಒಂದು ವಿಶ್ಲೇಷಣೆ 49 ಪ್ರಯೋಗಗಳ, 1863 ಜನರ ಫಲಿತಾಂಶವನ್ನು ಒಟ್ಟು ಹಾಕಿ ನೋಡಿತು. ಕಿಲೋಗೆ ಸುಮಾರು 1.6 ಗ್ರಾಂ ಮುಟ್ಟಿದ ಮೇಲೆ ಹೆಚ್ಚಿಗೆ ತಿಂದದ್ದರಿಂದ ಮಾಂಸ ಹೆಚ್ಚುವುದು ಕಾಣಲಿಲ್ಲ. ನಮ್ಮ ಹುಡುಗನಿಗೆ ಅದು 96 ಗ್ರಾಂ, ಕೊನೆಯ ಗೆರೆ.

ಅದೇ ವಿಶ್ಲೇಷಣೆಯ ಇನ್ನೊಂದು ಅಂಕಿಯನ್ನು ಜಿಮ್ಮಿನ ಗೋಡೆಗೆ ಬರೆಸಬೇಕು. ಒಂದೇ ಬಾರಿಗೆ ಎತ್ತಬಲ್ಲ ಭಾರ ತರಬೇತಿಯಿಂದ ಸರಾಸರಿ 27 ಕಿಲೋದಷ್ಟು ಏರಿತ್ತು. ಮೇಲೆ ಕೊಟ್ಟ ಪ್ರೋಟೀನಿನ ಪಾಲು ಸುಮಾರು ಎರಡೂವರೆ ಕಿಲೋ. ಕೊಬ್ಬು ಬಿಟ್ಟು ಮೈಯ ಉಳಿದ ತೂಕದಲ್ಲಿ ಅದು ಕೂಡಿಸಿದ್ದು 300 ಗ್ರಾಂ. ಅದೂ ಮೊದಲೇ ಪಳಗಿದವರಲ್ಲಿ ಹೆಚ್ಚು, ಹೊಸಬರಲ್ಲಿ ಕಡಿಮೆ. ಅಂದರೆ ಪುಡಿ ಯಾರಿಗೆ ಸ್ವಲ್ಪ ಉಪಯೋಗವೋ ಅವರು ಅದನ್ನು ಕೇಳಿ ಕೊಳ್ಳುತ್ತಾರೆ. ಯಾರಿಗೆ ಅತಿ ಕಡಿಮೆ ಉಪಯೋಗವೋ ಅವರಿಗೆ ಅದನ್ನು ಹೆದರಿಸಿ ಮಾರುತ್ತಾರೆ.

ಎರಡನೆಯ ದಿನ ತಂಗಿಯ ಗಂಡನ ಜೊತೆ ಮ್ಹೈಸಾಳದ ಕಡೆಯ ಹೊಲಕ್ಕೆ ಹೋಗಿದ್ದೆ. ಹುಡುಗನೂ ಬಂದಿದ್ದ. ಕೃಷ್ಣೆಯ ದಂಡೆಯ ಕಬ್ಬು, ಆಳೆತ್ತರ. ದೂರದಲ್ಲಿ ಒಂದು ಪಟ್ಟಿ ಬಿಳಿಚಿಕೊಂಡು ಬಿದ್ದಿತ್ತು. ‘ಅದು ಸವಳು ಹತ್ತಿದ ಭೂಮಿ. ನೀರು, ಗೊಬ್ಬರ ಎರಡೂ ಹೊಟ್ಟಿ ಬಿರಿಯೂ ಹಂಗ ಹಾಕಿದ್ರು’ ಎಂದರು ತಂಗಿಯ ಗಂಡ. ನನಗೆ ಬೇಕಾದ ಉಪಮೆ ಹೊಲದಲ್ಲೇ ಸಿಕ್ಕಿತು. ಪ್ರೋಟೀನನ್ನು ಹಿಟ್ಟಿನಿಂದ, ತುಪ್ಪದಿಂದ ಬೇರೆ ಮಾಡುವುದು ಅದರಲ್ಲಿನ ಸಾರಜನಕ. ಕಬ್ಬಿಗೆ ಯೂರಿಯಾ ಹಾಕುವುದೂ ಸಾರಜನಕಕ್ಕಾಗಿಯೇ. ಒಂದು ಚೀಲ ಹಾಕಿದ ಕಡೆ ಮೂರು ಚೀಲ ಸುರಿದರೆ ಕಬ್ಬು ಮೂರು ಪಟ್ಟು ಆಗುವುದಿಲ್ಲ, ಇದನ್ನು ಯಾವ ರೈತನಿಗೂ ಹೇಳಿಕೊಡಬೇಕಿಲ್ಲ. ಮೈಯೂ ಹಾಗೆಯೇ. ಬೇಕಾದಷ್ಟನ್ನು ಸ್ನಾಯುವಿಗೆ, ಚರ್ಮಕ್ಕೆ, ರಕ್ತಕ್ಕೆ ಬಳಸಿ, ಹೆಚ್ಚಿಗೆ ಬಂದ ಪ್ರೋಟೀನಿನ ಸಾರಜನಕವನ್ನು ಕಳಚಿ ಹೊರಗೆ ಹಾಕುತ್ತದೆ. ಯಾವ ರೂಪದಲ್ಲಿ? ಯೂರಿಯಾ ರೂಪದಲ್ಲಿ. ಗೊಬ್ಬರದಂಗಡಿಯಲ್ಲಿ ಸಿಗುವ ಅದೇ ಯೂರಿಯಾ, ಮೂತ್ರದಲ್ಲಿ. ಹುಡುಗ ಒಂದು ಗಳಿಗೆ ಕಬ್ಬನ್ನೇ ನೋಡುತ್ತ ನಿಂತ.

‘ಅಂದ್ರ ಮೂರು ಸಾವಿರ ರೂಪಾಯಿ ಯೂರಿಯಾ?’

ಎಲ್ಲವೂ ಅಲ್ಲ, ಎಂದೆ. ಆದರೆ ತಾಟಿನಲ್ಲಿ ಈಗಾಗಲೇ ಎಷ್ಟಿದೆ ಎಂದು ನೋಡದೆ ಮೇಲೆ ಸುರಿದರೆ ಬಹಳಷ್ಟು ಅದೇ.

ತಾಟಿನ ಲೆಕ್ಕವನ್ನು ಅವತ್ತು ರಾತ್ರಿ ತಂಗಿಯೇ ಹಾಕಿದಳು, ಕರೆಂಟಿನ ಬಿಲ್ಲಿನ ಹಿಂಭಾಗದಲ್ಲಿ. (ಗುಟ್ಟು ಅಷ್ಟು ಹೊತ್ತಿಗೆ ರಟ್ಟಾಗಿತ್ತು, ಅವಳ ಮನೆಯಲ್ಲಿ ಗುಟ್ಟು ಒಂದು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ.) ಅವರದು ಮೊಟ್ಟೆಯೂ ಬಾರದ ಮನೆ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ, ಅದರ ಮೇಲೆ ಒಂದು ಹಿಡಿ ಶೇಂಗಾ: ಹನ್ನೊಂದು ಗ್ರಾಂ. ಮಧ್ಯಾಹ್ನದ ಮೂರು ಜೋಳದ ರೊಟ್ಟಿಗೆ ಹನ್ನೆರಡು, ಒಂದು ಬಟ್ಟಲು ಗಟ್ಟಿ ಬೇಳೆಗೆ ಏಳು, ಮೊಳಕೆ ಬಂದ ಮಡಕಿ ಕಾಳಿನ ಉಸಳಿಗೆ ಎಂಟೊಂಬತ್ತು, ಬಟ್ಟಲು ಮೊಸರಿಗೆ ಐದು. ರಾತ್ರಿ ಎರಡು ಚಪಾತಿ, ಬೇಳೆ, ಒಂದು ಹಿಡಿ ಅನ್ನ: ಎಲ್ಲ ಕೂಡಿ ಹತ್ತೊಂಬತ್ತು. ಎರಡು ಹೊತ್ತಿನ ಹಾಲು ಸೇರಿ ಅರ್ಧ ಲೀಟರು: ಹದಿನಾರು. ಒಟ್ಟು ಎಪ್ಪತ್ತೆಂಟು, ಎಪ್ಪತ್ತೊಂಬತ್ತು.

ಪುಡಿಯ ಮಾತೇ ಬರುವ ಮೊದಲು ಹುಡುಗ ಕಿಲೋಗೆ 1.3 ಗ್ರಾಂ ಮುಟ್ಟಿದ್ದಾನೆ. ಸಂಜೆ ಜಿಮ್ಮಿನಿಂದ ಬಂದು ಎರಡು ಹಿಡಿ ಪುಟಾಣಿ ತಿಂದರೆ ಇನ್ನು ಹತ್ತು-ಹನ್ನೆರಡು ಗ್ರಾಂ. ಝುಣಕ ಮಾಡಿದ ದಿನ ಕಡಲೆ ಹಿಟ್ಟಿನದ್ದು ಬೇರೆ. ಕೃಷ್ಣೆಯ ಈ ಸೀಮೆಯಲ್ಲೇ ಬೆಳೆಯುವ ಸೋಯಾಬೀನಿದೆ. ಎಣ್ಣೆ ತೆಗೆದು ಉಳಿದದ್ದರಿಂದ ಮಾಡುವ ಸೋಯಾ ತುಣುಕಿನಲ್ಲಿ ತೂಕದ ಅರ್ಧ ಪ್ರೋಟೀನೇ. ಮೂವತ್ತು ಗ್ರಾಂ ಹಾಕಿ ಪಲ್ಯ ಮಾಡಿದರೆ ಹದಿನೈದು ಗ್ರಾಂ, ಖರ್ಚು ಐದಾರು ರೂಪಾಯಿ. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ ಆರು ಗ್ರಾಂ. ಪುಡಿಯ ಡಬ್ಬಿ ಕಿಲೋಗೆ ಎರಡೂವರೆ ಸಾವಿರ ಎಂದಿಟ್ಟುಕೊಂಡರೂ ಮೂವತ್ತು ಗ್ರಾಮಿನ ಒಂದು ಚಮಚಕ್ಕೆ ಎಪ್ಪತ್ತೈದು ರೂಪಾಯಿ ಬೀಳುತ್ತದೆ, ಸಿಗುವುದು ಹೆಚ್ಚೆಂದರೆ ಇಪ್ಪತ್ತೈದು ಗ್ರಾಂ ಪ್ರೋಟೀನು.

‘ಕಾಳಿನ ಪ್ರೋಟೀನು ಅರೆಬರೆಯದು’ ಎಂದು ಟ್ರೇನರ್ ಹೇಳಿದ್ದನಂತೆ. ಪೂರ್ತಿ ತಪ್ಪಲ್ಲ. ಪ್ರೋಟೀನು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳ ಪೋಣಿಕೆ. ಅದರಲ್ಲಿ ಒಂಬತ್ತನ್ನು ಊಟದಿಂದಲೇ ಪಡೆಯಬೇಕು. ಜೋಳದಲ್ಲಿ ಲೈಸೀನ್ ಕಮ್ಮಿ, ಬೇಳೆಯಲ್ಲಿ ಮಿಥಿಯೋನೀನ್ ಕಮ್ಮಿ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ, ಬೇಳೆ, ಕಾಳುಪಲ್ಯ, ಮೊಸರು ಒಂದೇ ತಾಟಿನಲ್ಲಿ ಕೂಡುವುದು ನಮ್ಮಲ್ಲಿ ರೂಢಿ. ಕಾಳಿನ ಪ್ರೋಟೀನು ಹಾಲಿನದಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ, ನಿಜ. ಅದಕ್ಕೇ ಒಂದು ಹಿಡಿ ಹೆಚ್ಚು ತಿನ್ನಬೇಕು. ಕಸರತ್ತು ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ವ್ಯರ್ಥ ಎಂಬ ಇನ್ನೊಂದು ಹೆದರಿಕೆಯೂ ಚಾಲ್ತಿಯಲ್ಲಿದೆ. ದಿನದ ಒಟ್ಟು ಮೊತ್ತ ಸರಿಯಿದ್ದರೆ ಗಡಿಯಾರ ನೋಡಿಕೊಂಡು ಓಡುವ ಅವಸರ ಹೊಸಬನಿಗಿಲ್ಲ. ಬಸ್ಸು ಹಿಡಿದು ಮನೆಗೆ ಬಂದು, ಕೈಕಾಲು ತೊಳೆದು ಉಣ್ಣಬಹುದು.

ಆದರೆ ತಂಗಿಯ ತಾಟು ಎಲ್ಲರ ತಾಟಲ್ಲ. ಈ ಮಾತನ್ನು ಜಾರಿಸಿ ಮುಂದೆ ಹೋದರೆ ಲೇಖನ ಸುಳ್ಳಾಗುತ್ತದೆ. ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳಿಂದ, ವಿಜಯಪುರದ ಕಡೆಯಿಂದ ಬಂದು ಸಾಂಗ್ಲಿಯಲ್ಲಿ ಕೋಣೆ ಮಾಡಿಕೊಂಡು ಓದುವ ಹುಡುಗರಿದ್ದಾರೆ. ಅವರ ಮೆಸ್ಸಿನ ಬೇಳೆಯಲ್ಲಿ ಬೇಳೆಯನ್ನು ಹುಡುಕಬೇಕು. ಮುಂಜಾನೆ ವಡಾಪಾವ್, ರಾತ್ರಿ ಖಾರ ಮಂಡಕ್ಕಿಯ ಭಡಂಗ. ದೇಶದ ಮನೆಗಳ ಖರ್ಚಿನ ಸಮೀಕ್ಷೆಯ ಪ್ರಕಾರ ಒಬ್ಬರ ದಿನದ ಪ್ರೋಟೀನು ಸರಾಸರಿ 60 ಗ್ರಾಂ ದಾಟಿದೆಯಾದರೂ ಅದರಲ್ಲಿ ದೊಡ್ಡ ಪಾಲು ಇನ್ನೂ ಅಕ್ಕಿ, ಗೋಧಿ, ಜೋಳದಿಂದಲೇ ಬರುತ್ತದೆ. ಸರಾಸರಿಯ ಕೆಳಗೆ ಇರುವವರು ಯಾರೆಂದು ನೋಡಲು ಯಾವುದಾದರೂ ಮೆಸ್ಸಿಗೆ ಹೋಗಿ ಕೂತರೆ ಸಾಕು. ಅಂಥವನಿಗೂ ನಾನು ಮೊದಲು ಹೇಳುವುದು ಕೋಣೆಯಲ್ಲಿ ಒಂದು ಡಬ್ಬಿ ಶೇಂಗಾ, ಒಂದು ಡಬ್ಬಿ ಪುಟಾಣಿ, ರಾತ್ರಿ ನೆನೆಹಾಕಿದ ಮಡಕಿ, ದಿನಕ್ಕೆ ಅರ್ಧ ಲೀಟರು ಹಾಲು. ಅದೂ ಆಗದ ದಿನಚರಿ ಇದ್ದು, ಕೈಯಲ್ಲಿ ದುಡ್ಡಿದ್ದರೆ ಅರ್ಧ ಚಮಚ ಪುಡಿ ಪಾಪವೇನಲ್ಲ. ಅದು ಹಾಲಿನಿಂದ ತೆಗೆದ ಆಹಾರವೇ. ಮೂತ್ರಪಿಂಡ ಸರಿ ಇರುವವರಿಗೆ ಈ ಪ್ರಮಾಣದ ಪ್ರೋಟೀನಿನಿಂದ ಅದು ಕೆಡುತ್ತದೆ ಎನ್ನಲು ಆಧಾರವಿಲ್ಲ. ಈಗಾಗಲೇ ಮೂತ್ರಪಿಂಡದ ತೊಂದರೆ ಇರುವವರ ಮಾತು ಬೇರೆ, ಅವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಹಲ್ಲಿಲ್ಲದೆ, ಹಸಿವಿಲ್ಲದೆ ತಾಟು ಸರಿಸುವ ಮುದುಕರಿಗೆ, ಆಪರೇಷನ್ ಆಗಿ ಮಲಗಿದವರಿಗೆ ಅದೇ ಪುಡಿಯನ್ನು ಡಾಕ್ಟರೇ ಬರೆದುಕೊಡುವುದುಂಟು. ಜಿಮ್ಮಿನ ಗಟ್ಟಿ ಹುಡುಗರಿಗಿಂತ ಅವರಿಗೇ ಅದರ ಕೆಲಸ ಹೆಚ್ಚು. ಈ ತಮಾಷೆ ಜಾಹೀರಾತಿನವರಿಗೆ ಹೊಳೆಯುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಹದಿನೇಳು ಸೂತ್ರಗಳಿವೆ. ಮೈ ಬೆಳೆಸಲು ಪ್ರೋಟೀನು ಪುಡಿಯ ಮೊರೆ ಹೋಗಬೇಡಿ ಎಂಬುದು ಅದರಲ್ಲೊಂದು ಬುದ್ಧಿಮಾತು. ಕಾರಣ ಪ್ರೋಟೀನಿಗಿಂತ ಹೆಚ್ಚಾಗಿ ಅದರ ಜೊತೆಗೆ ಬರುವ ಸಕ್ಕರೆ, ಕೃತಕ ಸಿಹಿ, ವಾಸನೆಯ ದ್ರವ್ಯಗಳು. ಅದೇ ವರ್ಷದ ಏಪ್ರಿಲಿನಲ್ಲಿ ಕೇರಳದ ಯಕೃತ್ತಿನ ವೈದ್ಯ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ನಮ್ಮ ಮಾರುಕಟ್ಟೆಯ 36 ಬಗೆಯ ಪುಡಿಗಳನ್ನು ಪರೀಕ್ಷೆಗೆ ಹಾಕಿ ಬರೆದ ಲೇಖನ ‘ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ಮುಕ್ಕಾಲಿಗೆ ಹತ್ತಿರ, ಶೇ 70ರಷ್ಟು ಡಬ್ಬಿಗಳ ಮೇಲೆ ಬರೆದದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆಯಿರಲಿಲ್ಲ. ಶೇ 14ರಲ್ಲಿ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ, ಶೇ 8ರಲ್ಲಿ ಕೀಟನಾಶಕದ ಅಂಶ.

ಪ್ರೋಟೀನಿನ ಲೆಕ್ಕವನ್ನು ಉಬ್ಬಿಸುವುದು ಹೇಗೆ? ಮತ್ತೆ ಸಾರಜನಕಕ್ಕೇ ಬರಬೇಕು. 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಎಂಬ ರಸಾಯನ ವಿಜ್ಞಾನಿ ಧಾನ್ಯದ ಪ್ರೋಟೀನು ಅಳೆಯಲು ಒಂದು ದಾರಿ ಕಂಡುಹಿಡಿದ: ಮಾದರಿಯಲ್ಲಿನ ಸಾರಜನಕವನ್ನು ಅಳೆಯುವುದು. ಆ ಅಂಕಿಯನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಮೊತ್ತ ಎಂಬುದು ರೂಢಿಯಾಯಿತು. ಸುಲಭದ ಲೆಕ್ಕ, ಮೋಸಕ್ಕೂ ಸುಲಭ. ಗ್ಲೈಸೀನ್‌ನಂಥ ಅಗ್ಗದ ಅಮೈನೋ ಆಮ್ಲವನ್ನು ಬೆರೆಸಿದರೆ ಸಾರಜನಕ ಏರುತ್ತದೆ, ಡಬ್ಬಿಯ ಮೇಲಿನ ಅಂಕಿಯೂ ಏರುತ್ತದೆ. ಸ್ನಾಯುವಿಗೆ ಬೇಕಾದ ಪೂರ್ತಿ ಪೋಣಿಕೆ ಮಾತ್ರ ಇರುವುದಿಲ್ಲ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನಪುಡಿಗೆ ಮೆಲಮೈನ್ ಬೆರೆಸಿದ್ದೂ ಇದೇ ಅಳತೆಗೆ ಕಣ್ಣುಕಟ್ಟು ಮಾಡಲು. ಉಸಳಿಯಲ್ಲಿನ ಮಡಕಿ ಕಾಳಿಗೆ ಇಂಥ ವಿದ್ಯೆ ಬರುವುದಿಲ್ಲ.

ಹುಡುಗ ಸುಮ್ಮನೆ ಸೋಲುವವನಲ್ಲ. ‘ಹಂಗಾದ್ರ ಸಂಕೇತ ಸರಗರ?’ ಎಂದ. ಸಾಂಗ್ಲಿಯ ಹುಡುಗರು ಈ ಹೆಸರು ತೆಗೆಯುವಾಗ ಎದೆ ಒಂದಿಷ್ಟು ಮುಂದೆ ಬರುತ್ತದೆ. 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ಸಾಂಗ್ಲಿಯ ಸಂಕೇತ್ ಮಹಾದೇವ ಸರಗರ, 55 ಕಿಲೋ ವಿಭಾಗದ ಭಾರ ಎತ್ತುವಿಕೆಯಲ್ಲಿ. ಸ್ನ್ಯಾಚ್‌ನಲ್ಲಿ 113, ಕ್ಲೀನ್ ಅಂಡ್ ಜರ್ಕ್‌ನಲ್ಲಿ 135, ಒಟ್ಟು 248 ಕಿಲೋ. ಮೊಣಕೈಗೆ ಪೆಟ್ಟಾಗಿ ಕೊನೆಯ ಯತ್ನಗಳು ಕೈಕೊಟ್ಟವು. ಮಲೇಷ್ಯಾದ ಸ್ಪರ್ಧಿ 249 ಎತ್ತಿ ಚಿನ್ನ ಒಯ್ದ. ಒಂದು ಕಿಲೋ. ಅಪ್ಪನದು ಊರಲ್ಲಿ ಪಾನ್ ಅಂಗಡಿ, ಚಹಾದ ಗಾಡಿ. ಸಂಕೇತರ ತಂಗಿ ಕಾಜಲ್ ಅದಕ್ಕೆ ತಿಂಗಳೆರಡು ಮೊದಲು ಪಂಚಕುಲದ ಖೇಲೋ ಇಂಡಿಯಾ ಕೂಟದಲ್ಲಿ 40 ಕಿಲೋ ವಿಭಾಗದ ಚಿನ್ನ ಗೆದ್ದಿದ್ದಳು. ಸಂಕೇತ್ ಗೆದ್ದ ಅದೇ ದಿನ, ಅದೇ ವೇದಿಕೆಯಲ್ಲಿ 61 ಕಿಲೋ ವಿಭಾಗದ ಕಂಚು ಬಂದದ್ದು ನಮ್ಮ ಕುಂದಾಪುರದ ಗುರುರಾಜ ಪೂಜಾರಿಗೆ, 269 ಕಿಲೋ ಎತ್ತಿ. ಅವರ ಅಪ್ಪ ವಾಹನ ಓಡಿಸುತ್ತಿದ್ದವರು.

ಅಂಥವರ ಮಾತು ಬೇರೆ, ಎಂದೆ. ಒಂದು ಕಿಲೋಗೆ ಚಿನ್ನ ತಪ್ಪುವ ಆಟದಲ್ಲಿ ನಿಂತವನಿಗೆ ಎರಡೂವರೆ ಕಿಲೋದ ಲಾಭ ಲಾಭವೇ. ಅಲ್ಲಿಗೆ ಮುಟ್ಟಲು ವರ್ಷಗಳ ಮೆಹನತ್ತು ಹಿಂದೆ ಇರುತ್ತದೆ, ತಲೆ ಮೇಲೆ ತರಬೇತುದಾರನ ಕಣ್ಣು ಇರುತ್ತದೆ. ಜೊತೆಗೆ ಅವರು ಡಬ್ಬಿ ತೆರೆಯುವಾಗ ನಮಗಿಂತ ಹತ್ತು ಪಟ್ಟು ಹೆದರಬೇಕು. ಉದ್ದೀಪನ ಮದ್ದಿನ ನಿಯಮದಲ್ಲಿ ‘ನನಗೆ ಗೊತ್ತಿರಲಿಲ್ಲ’ ಎಂದ ಮಾತ್ರಕ್ಕೆ ಬಿಡುಗಡೆಯಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಬೆರಕೆಯ ಪುಡಿಯ ಒಂದು ಚಮಚ ನಾಲ್ಕು ವರ್ಷದ ಆಟವನ್ನು ನುಂಗಬಹುದು.

ಡಬ್ಬಿಯ ಮುಂದಿನ ಮೆಟ್ಟಿಲಿನ ಬಗ್ಗೆ ನನಗೆ ನಿಜವಾದ ಭಯವಿದೆ. ಮೆಫೆಂಟರ್ಮೀನ್ ಎಂಬ ಇಂಜೆಕ್ಷನ್ ಇದೆ. ಆಪರೇಷನ್ ಮೇಜಿನ ಮೇಲೆ ರೋಗಿಯ ರಕ್ತದ ಒತ್ತಡ ಕುಸಿದಾಗ ಏರಿಸಲು ಅರಿವಳಿಕೆ ವೈದ್ಯರು ಬಳಸುವ ಮದ್ದು. ಅದನ್ನು ಜಿಮ್ಮಿನ ಹುಡುಗರಿಗೆ ‘ದಮ್ಮು ಬರುತ್ತದೆ’ ಎಂದು ಕದ್ದು ಮಾರಿದವರನ್ನು ಮಹಾರಾಷ್ಟ್ರದ ಹಲವು ಊರುಗಳಲ್ಲಿ ಪೊಲೀಸರು ಹಿಡಿದಿದ್ದಾರೆ. ಎದೆಬಡಿತ ಹುಚ್ಚೆದ್ದು ಓಡುವ ಮದ್ದದು. ಪುಡಿ ತಿಂದವರೆಲ್ಲ ಅಲ್ಲಿಗೆ ಹೋಗುತ್ತಾರೆ ಎಂದರೆ ಅನ್ಯಾಯವಾದೀತು, ಬಹಳ ಜನ ಹೋಗುವುದಿಲ್ಲ. ಆದರೆ ಮೈ ಬೆಳೆಯದಿರುವುದಕ್ಕೆ ಕಾರಣ ಡಬ್ಬಿಯಲ್ಲಿದೆ ಎಂದು ಹನ್ನೊಂದನೆಯ ದಿನಕ್ಕೇ ನಂಬಿದವನು, ನೂರನೆಯ ದಿನಕ್ಕೂ ಮೈ ಬೆಳೆಯದಿದ್ದರೆ ಇನ್ನೊಂದು ಡಬ್ಬಿಯನ್ನೋ ಸೂಜಿಯನ್ನೋ ಹುಡುಕುತ್ತಾನೆ. ನಿದ್ದೆ ಎಷ್ಟು ಮಾಡಿದೆ, ವಾರಕ್ಕೆ ಎಷ್ಟು ದಿನ ಹೋದೆ, ಹೋದ ತಿಂಗಳಿಗಿಂತ ಈ ತಿಂಗಳು ಎಷ್ಟು ಕಿಲೋ ಹೆಚ್ಚು ಎತ್ತಿದೆ ಎಂದು ಕೇಳುವ ವಸ್ತಾದ ಅವನಿಗೆ ಸಿಕ್ಕಿರುವುದಿಲ್ಲ.

ಮೂರನೆಯ ದಿನ ನಾನು ಹೊರಡಬೇಕಿತ್ತು. ಅಣ್ಣ ಬಂದಿದ್ದಾನೆಂದು ತಂಗಿ ಹಿಂದಿನ ರಾತ್ರಿಯೇ ಶ್ರೀಖಂಡಕ್ಕೆ ಮೊಸರು ಕಟ್ಟಿದ್ದಳು. ಈ ಕಡೆ ಹಾಲಿಗೇನು ಕೊರತೆ. 1939ರಲ್ಲಿ ಚಿತಳೆಯವರು ಹೈನಿನ ಉದ್ಯೋಗ ಶುರುಮಾಡಿದ ಭಿಲವಡಿ ಇದೇ ಜಿಲ್ಲೆಯದು. ನಲ್ಲಿಗೆ ತೂಗುಹಾಕಿದ ಬಿಳಿ ಬಟ್ಟೆಯ ಗಂಟಿನಿಂದ ಹಸಿರು ಛಾಯೆಯ ನೀರು ಬೋಗುಣಿಗೆ ತೊಟ್ಟಿಕ್ಕುತ್ತಿತ್ತು. ಹುಡುಗ ಬೋಗುಣಿ ಎತ್ತಿಕೊಂಡು ಓಡಿಬಂದ. ಯಾವುದೋ ವಿಡಿಯೊದಲ್ಲಿ ನೋಡಿದ್ದನಂತೆ.

‘ಮಾಮಾ, ಇದ ಅಲ್ರಿ ವೇ? ಡಬ್ಬ್ಯಾಗ ಇರೂದು ಇದ ಅಲ್ಲ?’

ಹೌದು ಮತ್ತು ಅಲ್ಲ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್, ಒಂದು ಪಾಲು ವೇ. ಪಾಶ್ಚಾತ್ಯ ದೇಶಗಳಲ್ಲಿ ಚೀಸ್ ಕಟ್ಟಿದ ಮೇಲೆ ಉಳಿಯುವ ನೀರನ್ನು ಒಂದು ಕಾಲಕ್ಕೆ ಹಂದಿಗೆ ಕುಡಿಸುತ್ತಿದ್ದರು, ಹೊಳೆಗೆ ಬಿಡುತ್ತಿದ್ದರು. ಹೊಳೆ ಕೊಳೆತು ನಾರಿದಾಗ ತಡೆ ಬಂತು. ನೀರನ್ನು ನವಿರು ಜರಡಿಗಳಲ್ಲಿ ಸೋಸಿ ಪ್ರೋಟೀನು ಹಿಡಿಯುವ ವಿದ್ಯೆ 1970ರ ದಶಕದಲ್ಲಿ ಕೈಗೆ ಬಂದ ಮೇಲೆ ಆ ಕಸವೇ ಬಂಗಾರದ ಬೆಲೆಯ ಪುಡಿಯಾಯಿತು. ಡಬ್ಬಿಯ ಒಂದು ಚಮಚಕ್ಕೆ ಹತ್ತಿರಹತ್ತಿರ ನಾಲ್ಕು ಲೀಟರು ಹಾಲಿನ ವೇ ಬೇಕು. ತಂಗಿಯ ಬೋಗುಣಿಯಲ್ಲಿ ಅಷ್ಟೂ ಇಲ್ಲ. ಯಾಕೆಂದರೆ ನಾವು ಹಾಲನ್ನು ಉಕ್ಕಿಸಿ ಹೆಪ್ಪು ಹಾಕುವವರು. ಕುದಿದಾಗ ವೇ ಪ್ರೋಟೀನು ಬಿಚ್ಚಿಕೊಂಡು ಕೇಸೀನಿಗೆ ಅಂಟಿಕೊಳ್ಳುತ್ತದೆ, ಮೊಸರು ಕಟ್ಟಿದಾಗ ಗಂಟಿನಲ್ಲೇ ಉಳಿಯುತ್ತದೆ. ಬೋಗುಣಿಗೆ ಬಿದ್ದದ್ದು ಹೆಚ್ಚಾಗಿ ನೀರು, ಹುಳಿ, ಒಂದಿಷ್ಟು ಹಾಲಿನ ಸಕ್ಕರೆ, ಉಪ್ಪಿನಂಶ.

‘ಅಂದ್ರ ಪ್ರೋಟೀನ್ ಎಲ್ಲೈತ್ರಿ?’

ನಾನು ಗಂಟಿನ ಕಡೆ ಕೈ ತೋರಿಸಿದೆ. ಅವನು ಬೋಗುಣಿಯ ನೀರಿಗೆ ಉಪ್ಪು ಹಾಕಿ ಒಂದು ಗುಟುಕು ಕುಡಿದು ಮುಖ ಕಿವಿಚಿದ. ತಂಗಿ ಅದನ್ನು ಅವನ ಕೈಯಿಂದ ಕಸಿದುಕೊಂಡು ಚಪಾತಿ ಹಿಟ್ಟಿಗೆ ಸುರಿದಳು. ‘ಉಪ್ಪು ಹಾಕಿದ್ದು ಚಲೋ ಆತು, ನನಗ ಒಂದ್ ಕೆಲಸ ತಪ್ಪಿತು’ ಎನ್ನುತ್ತ ಹಿಟ್ಟು ನಾದತೊಡಗಿದಳು. ಹುಡುಗ ಗಡಿಯಾರ ನೋಡಿ, ಚಪ್ಪಲಿ ಬಿಟ್ಟು ಬೂಟು ಹುಡುಕಿದ. ಹದಿಮೂರನೆಯ ದಿನ, ಜಿಮ್ಮಿಗೆ ಹೊತ್ತಾಗಿತ್ತು.